ಮೂಕಿ ಪರಂಪರೆ: ಮೃಚ್ಛಕಟಿಕದಿಂದ ಕಾಕನಕೋಟೆಯವರೆಗೆ

ಸಾಹಿತ್ಯಕೃತಿಯನ್ನು ಮೂಕಿಚಿತ್ರಕ್ಕೆ, ಎಂದರೆ ಧ್ವನಿಯ ನೆರವಿಲ್ಲದೆ ಬಿಂಬಗಳಿಂದಲೂ ನಡುನಡುವೆ ಬರುವ ಅಕ್ಷರಫಲಕಗಳಿಂದಲೂ ಕಥೆ ನಡೆಸುವ ಚಿತ್ರಕ್ಕೆ, ಅಳವಡಿಸುವ ಪ್ರಯತ್ನ ಹಳೆಯ ಮೈಸೂರು ಸಂಸ್ಥಾನದಲ್ಲಿ ಹೆಚ್ಚು ಕಾಲ ಬಾಳಲಿಲ್ಲ. 1934ರಲ್ಲಿ ‘ಸತಿ ಸುಲೋಚನಾ’ ತೆರೆಕಂಡು ಕನ್ನಡ ವಾಕ್ಚಿತ್ರ ಆರಂಭವಾಗುವಷ್ಟರಲ್ಲಿ ಅದರ ಕಾಲ ಮುಗಿದಿತ್ತು. ಈ ಪರಂಪರೆಯ ಚರ್ಚೆ ಸಾಮಾನ್ಯವಾಗಿ ‘ವಸಂತಸೇನಾ’ದಿಂದ ಆರಂಭವಾಗಿ ಅಲ್ಲಿಯೇ ನಿಲ್ಲುತ್ತದೆ. ಆದರೆ ಮಾತು ಹೊರುತ್ತಿದ್ದ ಭಾರವನ್ನು ದೇಹಕ್ಕೂ ಸ್ಥಳಕ್ಕೂ ವಹಿಸುವ ಮೂಕಿಯ ವಿಧಾನ ಪೂರ್ಣವಾಗಿ ಫಲಿಸಿದ್ದು ಆ ಬಳಿಕ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯ ಕಾಡಿನಲ್ಲಿ, ಹೆಸರಿಗೆ ಮೂಕಿಯೂ ಅಲ್ಲದ ಕನ್ನಡದ್ದೂ ಅಲ್ಲದ ಒಂದು ಚಿತ್ರದಲ್ಲಿ ಎಂಬುದನ್ನು ಗಮನಿಸಬೇಕು.

1930ರ ಆಸುಪಾಸಿನಲ್ಲಿ ಮೋಹನ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿತ್ತು, ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಅದರಲ್ಲಿ ಅಭಿನಯಿಸಿದರು. ಆ ಕಾಲದ ವಿದ್ಯಾವಂತ ಮನೆತನದವರು ಸಿನಿಮಾಕ್ಕೆ ಇಳಿದದ್ದು ದಿಟ್ಟತನವೇ ಸರಿ. ಆದರೆ ಚಿತ್ರದ ಪ್ರತಿ ಉಳಿದಿಲ್ಲವಾದ್ದರಿಂದ ಈ ಹೆಸರುಗಳ ಹೊಳಪೇ ಚಿತ್ರದ ಗುಣವೆಂದು ಭಾವಿಸುವ ರೂಢಿ ಬೆಳೆದಿದೆ. ವಿಮರ್ಶೆಗೆ ಉಳಿಯುವ ದಾರಿ ನಾಟಕದ ಸ್ವರೂಪವನ್ನೇ ಪರಿಶೀಲಿಸುವುದು. ಹತ್ತು ಅಂಕಗಳ ಈ ಪ್ರಕರಣದಲ್ಲಿ, ಎಂದರೆ ಲೋಕಜೀವನದ ಕಲ್ಪಿತ ಕಥೆಯುಳ್ಳ ರೂಪಕದಲ್ಲಿ, ಮೂಕಿಗೆ ಒದಗುವ ಸಂದರ್ಭಗಳು ಸಾಕಷ್ಟಿವೆ: ಶರ್ವಿಲಕ ಗೋಡೆಗೆ ಕನ್ನ ಕೊರೆಯುವುದು, ಮಳೆಯಲ್ಲಿ ನೆನೆಯುತ್ತ ನಾಯಿಕೆ ವಸಂತಸೇನೆ ತನ್ನ ಪ್ರಿಯ ಚಾರುದತ್ತನ ಮನೆಗೆ ಬರುವುದು, ಅವನ ಮಗುವಿನ ಮಣ್ಣಿನ ಬಂಡಿಗೆ ಆಕೆ ಒಡವೆಗಳನ್ನು ತುಂಬುವುದು. ಇವುಗಳಿಗೆ ಸಂಭಾಷಣೆಯ ಹಂಗು ಕಡಿಮೆ. ನಾಟಕದ ಖಳ ಶಕಾರನ ವಿಷಯ ಬೇರೆ. ಪುರಾಣಗಳನ್ನು ತಲೆಕೆಳಗು ಮಾಡುವ ಅವನ ತೊದಲು ಪ್ರಾಕೃತವೇ ಅವನ ವ್ಯಕ್ತಿತ್ವವಾಗಿರುವುದರಿಂದ, ಮಾತು ಹೋದರೆ ಉಳಿಯುವುದು ಎಲ್ಲ ನಾಟಕಗಳಲ್ಲೂ ಸಿಗುವ ಒಬ್ಬ ದುಷ್ಟ ಮಾತ್ರ. ಇಂಗ್ಲಿಷ್ ಬೆರೆತ ಕನ್ನಡದಿಂದಲೇ ರಂಗಭೂಮಿಯನ್ನು ಗೆದ್ದ ಕೈಲಾಸಂ ಅಂಥವರು ಮಾತಿಲ್ಲದ ಚಿತ್ರದಲ್ಲಿ ನಟಿಸಿದ್ದೂ ಇದೇ ಇಕ್ಕಟ್ಟಿನ ಇನ್ನೊಂದು ಮುಖ. ಸಾಹಿತ್ಯದ ಕೀರ್ತಿಯನ್ನು ನೆಚ್ಚಿ ಕೃತಿಯನ್ನು ಆರಿಸುವ ಪದ್ಧತಿ, ಆ ಕೃತಿ ಮೌನವನ್ನು ತಾಳಬಲ್ಲದೇ ಎಂಬ ಪ್ರಶ್ನೆಯನ್ನು ಕೇಳಿಕೊಂಡಂತೆ ತೋರುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೊರಗಿನವನೊಬ್ಬನ ಚಿತ್ರದಲ್ಲಿ. ‘ನಾನೂಕ್ ಆಫ್ ದ ನಾರ್ತ್’ (1922), ‘ಮೊವಾನಾ’ (1926) ಎಂಬ ಮೂಕಿಗಳಿಂದ ಪ್ರಸಿದ್ಧನಾದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದಾಗ ಅವನ ಕೈಯಲ್ಲಿದ್ದದ್ದು ಕಿಪ್ಲಿಂಗ್‌ನ ‘ಜಂಗಲ್ ಬುಕ್’ನಲ್ಲಿರುವ (1894) ತೂಮಾಯಿ ಎಂಬ ಮಾವುತರ ಹುಡುಗನ ಕಥೆ. ಮೂಲ ಕಥೆ ಗಾರೋ ಬೆಟ್ಟಗಳದು. ‘ಎಲಿಫೆಂಟ್ ಬಾಯ್’ ಎಂಬ ಚಿತ್ರಕ್ಕಾಗಿ ಅದನ್ನು ಕಾಕನಕೋಟೆಗೆ ಒಗ್ಗಿಸಲು ಸಾಧ್ಯವಾದದ್ದು, ಕಾಡಾನೆಗಳ ಹಿಂಡನ್ನು ಸುತ್ತುವರಿದು ದಿಮ್ಮಿಗಳ ಕೊಪ್ಪಕ್ಕೆ ಅಟ್ಟಿ ಹಿಡಿಯುವ ಖೆಡ್ಡಾ ಇಲ್ಲಿ ಸಂಸ್ಥಾನದ ವೈಭವವಾಗಿ ನಡೆದುಬಂದಿದ್ದರಿಂದ. ನಾಯಕನಾಗಿ ಸಿಕ್ಕವನು ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ಕಥೆಯಲ್ಲಿ ಬರುವ ಕಾಲಾನಾಗ್ ಎಂಬ ಆನೆಯ ಪಾತ್ರ ವಹಿಸಿದ್ದು ಐರಾವತ ಎಂಬ ಆನೆ. ಹುಡುಗ ಆನೆಯನ್ನು ನದಿಯಲ್ಲಿ ತಿಕ್ಕಿ ತೊಳೆಯುವಾಗ, ಸೊಂಡಿಲು ಹಿಡಿದು ನೆತ್ತಿಗೇರುವಾಗ, ಅವರ ನಂಟನ್ನು ವಿವರಿಸುವ ಮಾತು ಬೇಕಾಗುವುದಿಲ್ಲ. ಕಲಿತ ಅಭಿನಯ ಕೊಡಲಾರದ ಖಚಿತತೆ ಆ ಮೈಯ ಅಭ್ಯಾಸದಲ್ಲಿದೆ. ಕಿಪ್ಲಿಂಗ್ ವಾಕ್ಯಗಳಲ್ಲಿ ಕಟ್ಟಿದ ಸಲುಗೆಯನ್ನು ಇಲ್ಲಿನ ನದಿಯೂ ಕಾಡೂ ತಾವಾಗಿ ಹೊತ್ತುಕೊಂಡಿವೆ.

ಈ ಬಿಂಬಗಳನ್ನು ಲಂಡನ್ನಿನ ನಿರ್ಮಾಪಕರು ನೆಚ್ಚಲಿಲ್ಲ. ಅವರ ಪರವಾಗಿ ನಿರ್ದೇಶಕ ಝೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ಸಂಭಾಷಣೆಯ ದೃಶ್ಯಗಳನ್ನು ಚಿತ್ರೀಕರಿಸಿ ಸೇರಿಸಿದ. ತೂಮಾಯಿಯ ತಂದೆಯಾಗಿ, ಆನೆ ಹಿಡಿಯುವವರ ಹಿರಿಯ ಮಚುವಾ ಅಪ್ಪನಾಗಿ ಮುಖಕ್ಕೆ ಬಣ್ಣ ಬಳಿದ ಇಂಗ್ಲಿಷ್ ನಟರು ಬಂದರು. ಕಿಪ್ಲಿಂಗ್‌ನಲ್ಲಿ ಬದುಕಿಯೇ ಇರುವ ತಂದೆಯನ್ನು ಹುಲಿಗೆ ಬಲಿಕೊಟ್ಟು, ಆನೆಗೆ ರೋಷ ಬರಿಸಿ ಕಥೆಗೆ ಕಾವು ಹುಟ್ಟಿಸಲಾಯಿತು. 1937ರ ವೆನಿಸ್ ಉತ್ಸವದಲ್ಲಿ ‘ಎಲಿಫೆಂಟ್ ಬಾಯ್’ಗೆ ನಿರ್ದೇಶನದ ಪ್ರಶಸ್ತಿ ಸಂದರೂ, ಚಿತ್ರ ಎರಡು ಹೋಳಾಗಿರುವುದು ಸಾಮಾನ್ಯ ಪ್ರೇಕ್ಷಕನಿಗೂ ತಿಳಿಯುತ್ತದೆ.

ಹಾಗೆಂದು ಫ್ಲಾಹರ್ಟಿಯ ವಿಧಾನವನ್ನು ನಿರ್ದೋಷವೆಂದು ಎಣಿಸುವಂತಿಲ್ಲ. ಬದುಕನ್ನು ಸುಂದರವಾಗಿ ಮರುಜೋಡಿಸುವ ಅವನ ಚಾಳಿ ಖೆಡ್ಡಾದ ಕ್ರೌರ್ಯವನ್ನು ಉತ್ಸವವಾಗಿಸುತ್ತದೆ. ಕಾಡಿನ ಜನ ಹಿನ್ನೆಲೆಯಾಗಿ ಉಳಿಯುತ್ತಾರೆ. ಹುಡುಗನ ಯೋಗ್ಯತೆಗೆ ದೊರೆಯ ಮುದ್ರೆ ಬೀಳಬೇಕೆಂಬ ಕಿಪ್ಲಿಂಗ್‌ನ ವಸಾಹತು ಧೋರಣೆ ಆನೆ ಹಿಡಿಸುವ ಬಿಳಿಯ ಅಧಿಕಾರಿ ಪೀಟರ್ಸನ್ ಸಾಹೇಬನ ರೂಪದಲ್ಲಿ ಹಾಗೆಯೇ ಮುಂದುವರಿಯುತ್ತದೆ. ಇಷ್ಟಾದರೂ ಅಳವಡಿಕೆಯ ಕಲೆಯ ದೃಷ್ಟಿಯಿಂದ ನೋಡಿದರೆ, ಮೈಸೂರು ಸೀಮೆಯ ಮೂಕಿ ವಿಧಾನದ ಉತ್ತಮ ಮಾದರಿಯಾಗಿ ಇಂದು ನೋಡಲು ಸಿಗುವುದು ಈ ವಾಕ್ಚಿತ್ರದ ಕಾಕನಕೋಟೆಯ ಭಾಗಗಳೇ. ಕನ್ನಡ ಚಿತ್ರಚರಿತ್ರೆ ಅದನ್ನು ಪರಕೀಯವೆಂದು ಬದಿಗಿಟ್ಟದ್ದು ನ್ಯಾಯವಲ್ಲ. ಆ ಚಿತ್ರದಿಂದ ವಿದೇಶಕ್ಕೆ ಹೋಗಿ ‘ದ ಥೀಫ್ ಆಫ್ ಬಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಿಂದ ಜಗತ್ಪ್ರಸಿದ್ಧನಾದ ಕಾರಾಪುರದ ಸಾಬು 1963ರಲ್ಲಿ ತೀರಿಕೊಳ್ಳುವವರೆಗೂ ಒಂದೇ ಒಂದು ಕನ್ನಡ ಚಿತ್ರದಲ್ಲಿ ನಟಿಸಲಿಲ್ಲ.