ತೆರೆಯ ಹೊರಗೇ ಉಳಿದ ಮಾವುತ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ ಎಂದೊಡನೆ ಇಂದು ಹಲವರಿಗೆ ನೆನಪಾಗುವುದು ಕಬಿನಿ ಹಿನ್ನೀರಿನ ರೆಸಾರ್ಟುಗಳು. 1924ರಲ್ಲಿ ಅದೇ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಆನೆ ನೋಡಿಕೊಳ್ಳುತ್ತಿದ್ದ ಮುಸ್ಲಿಮ್ ಮಾವುತನೊಬ್ಬನ ಮನೆಯಲ್ಲಿ ಸಾಬು ಹುಟ್ಟಿದ. ಎಳೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಆ ಹುಡುಗನನ್ನು 1937ರ ‘ಎಲಿಫೆಂಟ್ ಬಾಯ್’ ಚಿತ್ರ ಜಗತ್ತಿಗೆಲ್ಲ ಪರಿಚಯಿಸಿತು. ಸಾಬುವಿನ ಬಗ್ಗೆ ನಾವು ಓದಿದ ಬರಹಗಳು ಬಹುತೇಕ ‘ನಮ್ಮ ಮೈಸೂರಿನ ಹುಡುಗ ಹಾಲಿವುಡ್ಡಿಗೆ ಹೋದ’ ಎಂಬ ಹೆಮ್ಮೆಯಲ್ಲೇ ಮುಗಿಯುತ್ತವೆ. ಹೆಮ್ಮೆ ನಮಗೂ ಇದೆ. ಆದರೆ ಚಿತ್ರವನ್ನು ಮತ್ತೊಮ್ಮೆ ಕೂತು ನೋಡಿದಾಗ ಇರಿಸುಮುರಿಸೇ ಹೆಚ್ಚು ಕಾಡಿತು.

ಕಥೆ ಕಿಪ್ಲಿಂಗನದು. ಮಾವುತನ ಮಗ ತೂಮಾಯಿ, ಅವನ ಆನೆ ಕಾಲಾನಾಗ್. ಪೀಟರ್ಸನ್ ಸಾಹೇಬ ಕಾಡಾನೆ ಹಿಡಿಯಲು ಹೊರಡುತ್ತಾನೆ. ದಾರಿಯಲ್ಲಿ ತಂದೆ ಹುಲಿಗೆ ಬಲಿಯಾಗುತ್ತಾನೆ. ಆನೆ ಹೊಸ ಮಾವುತನ ಕೈಸೇರಿ ಹಿಂಸೆ ಅನುಭವಿಸುತ್ತದೆ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದು ತಿಂಗಳುಗಟ್ಟಲೆ ಚಿತ್ರೀಕರಿಸಿದ. ಉಳಿದ ಭಾಗವನ್ನು ಜೋಲ್ಟನ್ ಕೋರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಮುಗಿಸಿದ. ವೆನಿಸ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯೂ ಬಂತು.

ಸಾಬು ಆನೆಯ ಮೈ ತಿಕ್ಕುವ, ಅದರ ಸೊಂಡಿಲು ಹಿಡಿದು ಮೇಲೇರುವ ದೃಶ್ಯಗಳ ಚೆಲುವು ಇಂದಿಗೂ ಮಾಸಿಲ್ಲ. ಇಂಗ್ಲಿಷ್ ಬಾರದ ಹುಡುಗ ಆನೆಯ ಪಕ್ಕದಲ್ಲಿ ಎಷ್ಟು ನಿರಾಳವಾಗಿದ್ದಾನೆ! ಅದು ನಟನೆಯಲ್ಲ, ಮನೆತನದ ಕಸುಬು. ಆದರೆ ಪಾತ್ರವರ್ಗದ ಪಟ್ಟಿ ನೋಡಿ. ಮಗನ ಪಾತ್ರಕ್ಕೆ ನಿಜವಾದ ಮಾವುತನ ಮಗ. ತಂದೆಯ ಪಾತ್ರಕ್ಕೆ ಡಬ್ಲ್ಯು. ಇ. ಹಾಲೊವೆ, ಹಿರಿಯ ಬೇಟೆಗಾರ ಮಚುವಾ ಅಪ್ಪನ ಪಾತ್ರಕ್ಕೆ ಆಲನ್ ಜೀಯಸ್. ಇಬ್ಬರೂ ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟರು. ಕಾಲಾನಾಗ್ ಆಗಿ ನಟಿಸಿದ ಅರಮನೆಯ ಆನೆ ಐರಾವತನ ಹೆಸರು ಪಟ್ಟಿಯಲ್ಲಿದೆ. ಅವನನ್ನು ನಡೆಸಿದ ಮಾವುತನ ಹೆಸರು ನಮಗೆ ಕಾಣಲಿಲ್ಲ.

ಆನೆ ಕ್ಯಾಮೆರಾ ನೋಡಿ ನಟಿಸುವುದಿಲ್ಲ. ಕತ್ತಿನ ಮೇಲೆ ಕೂತವನು ಕಿವಿಯ ಹಿಂದೆ ಕಾಲ್ಬೆರಳಿಂದ ಒತ್ತಿದರೆ ಹೆಜ್ಜೆ ಇಡುತ್ತದೆ, ತಿರುಗುತ್ತದೆ. ಪರಿಚಿತ ದನಿ ಕೇಳಿದರೆ ಕೂರುತ್ತದೆ, ಸೊಂಡಿಲೆತ್ತುತ್ತದೆ. ಆ ದನಿಯನ್ನು ಆನೆ ನಂಬುವಂತಾಗಲು ವರ್ಷಗಳೇ ಬೇಕು. ಮೇವು ತರಬೇಕು, ಮೈ ತೊಳೆಯಬೇಕು, ಮದ ಬಂದಾಗ ಹತ್ತಿರ ಸುಳಿಯದೆ ಕಾಯಬೇಕು. ಉರ್ದುವಿನಲ್ಲಿ ಇವರನ್ನು ಫೀಲ್‌ಬಾನ್ ಎನ್ನುತ್ತಾರೆ. ಕೇಳಲು ಗಂಭೀರವಾದ ಹೆಸರು. ಸಂಬಳ ಅಷ್ಟು ಗಂಭೀರವಾಗಿದ್ದದ್ದನ್ನು ನಾವು ಕಂಡಿಲ್ಲ. ನಮ್ಮ ಶಿಬಿರಗಳಲ್ಲಿ ಮುಸ್ಲಿಮರೂ ಜೇನುಕುರುಬರೂ ಮಾವುತರಾಗಿ, ಕಾವಾಡಿಗಳಾಗಿ ಒಂದೇ ಆನೆಯ ಹಿಂದೆ ಬದುಕು ಸವೆಸಿದ್ದಾರೆ.

ನಮ್ಮ ಮುಖ್ಯ ತಕರಾರು ಬೇರೆಯೇ ಇದೆ. ಚಿತ್ರದಲ್ಲಿ ಆನೆಗೆ ಹಿಂಸೆ ಕೊಡುವವನು ಒಬ್ಬ ಕೆಟ್ಟ ಮಾವುತ. ಬೇಟೆ ನಡೆಸುವ ಸಾಹೇಬ ಕರುಣಾಮಯಿ. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದದ್ದು ಹೀಗೇನು? ಹಿಂಡನ್ನು ಅಟ್ಟಿ, ಕಂದಕ ಬೇಲಿಗಳ ನಡುವೆ ಕೂಡಿ, ಹಗ್ಗ ಬಿಗಿದು, ಹಸಿವಿನಿಂದ ಬಗ್ಗಿಸುತ್ತಿದ್ದರು. 1971ರ ಕೊನೆಯ ಖೆಡ್ಡಾದವರೆಗೂ ಅದು ಅಧಿಕೃತ ವ್ಯವಸ್ಥೆಯೇ ಆಗಿತ್ತು. ಅತಿಥಿಗಳು ಅಟ್ಟಣೆಯ ಮೇಲೆ ಕೂತು ನೋಡುತ್ತಿದ್ದರು. ವ್ಯವಸ್ಥೆಯ ಕ್ರೌರ್ಯವನ್ನೆಲ್ಲ ಒಬ್ಬ ಬಡ ನೌಕರನ ತಲೆಗೆ ಕಟ್ಟಿ ಪ್ರೇಕ್ಷಕನನ್ನು ನಿಶ್ಚಿಂತೆಯಿಂದ ಮನೆಗೆ ಕಳಿಸುತ್ತದೆ ಈ ಚಿತ್ರ.

ಸಾಬು ಮತ್ತೆ ಇಲ್ಲಿ ನೆಲೆಸಲಿಲ್ಲ. 1944ರಲ್ಲಿ ಅಮೆರಿಕದ ಪ್ರಜೆಯಾದ, ಯುದ್ಧವಿಮಾನದಲ್ಲಿ ಗನ್ನರ್ ಆಗಿ ಪದಕ ಪಡೆದ, 1963ರಲ್ಲಿ 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಪರದೆ ಮಾತ್ರ ಅವನನ್ನು ಕಾಡಿನ ಹುಡುಗನಾಗಿಯೇ ಉಳಿಸಿಕೊಂಡಿತು.

ಆಮೇಲೆ ಬದಲಾದದ್ದೇನು? ಹದಿನೆಂಟು ಬಾರಿ ಅಂಬಾರಿ ಹೊತ್ತ ದ್ರೋಣ ದೂರದರ್ಶನದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ನಲ್ಲೂ ಕಾಣಿಸಿಕೊಂಡಿದ್ದ, 1998ರಲ್ಲಿ ವಿದ್ಯುತ್ ತಂತಿ ತಗುಲಿ ಸತ್ತ. 2001ರ ನಿಯಮಗಳು ಬಂದ ಮೇಲೆ ಚಿತ್ರೀಕರಣಕ್ಕೆ ಪ್ರಾಣಿ ಬಳಸುವವರು ಪ್ರಾಣಿ ಕಲ್ಯಾಣ ಮಂಡಳಿಯ ಮುಂದೆ ಹೋಗಬೇಕು. ಇದು ಒಳ್ಳೆಯದೇ. ಈಗ ಹುಣಸೂರಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟಾಗ ಕ್ಯಾಮೆರಾಗಳ ಜಾತ್ರೆ. ಆನೆಯ ತೂಕ, ವಯಸ್ಸು, ಊಟದ ಪಟ್ಟಿ ಎಲ್ಲವನ್ನೂ ಓದುತ್ತಾರೆ. ಮೇಲೆ ಕೂತವನು ತಿಂಗಳುಗಟ್ಟಲೆ ಮೈಸೂರಿನ ತಾತ್ಕಾಲಿಕ ಶೆಡ್ಡಿನಲ್ಲಿ ಮಕ್ಕಳೊಂದಿಗೆ ಹೇಗೆ ಇರುತ್ತಾನೆಂದು ಕೇಳುವವರು ಕಡಿಮೆ.

2023ರ ಡಿಸೆಂಬರಿನಲ್ಲಿ ಬಳ್ಳೆ ಶಿಬಿರದ ಅರ್ಜುನ, ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದೊಡನೆ ಕಾದಾಡಿ ಸತ್ತಾಗ ಸುದ್ದಿವಾಹಿನಿಗಳು ಮಾವುತನ ರೋದನವನ್ನು ಮತ್ತೆ ಮತ್ತೆ ತೋರಿಸಿದವು. ನಾವೂ ನೋಡಿದೆವು, ಕಣ್ಣೊರೆಸಿಕೊಂಡೆವು. ಎಷ್ಟೋ ದಸರಾಗಳಲ್ಲಿ ಅರ್ಜುನನನ್ನು ಕಂಡಿದ್ದ ನಾವು ಅವನ ಮಾವುತನ ಮುಖವನ್ನು ಸರಿಯಾಗಿ ನೋಡಿದ್ದು ಅಂದೇ.