25 ಸುತ್ತು ನೋಡುವ ಬಗೆ

ಹತ್ತು ಸಾವಿರ ಮೀಟರ್ ಓಟ ನೋಡಲು ಟಿ.ವಿ. ಮುಂದೆ ಕೂತವರಲ್ಲಿ ಹೆಚ್ಚಿನವರು ನಾಲ್ಕನೇ ಸುತ್ತಿಗೇ ಎದ್ದು ಹೋಗಿ, ಕೊನೆಯ ಸುತ್ತಿನ ಗಂಟೆ ಬಾರಿಸುವಾಗ ಮರಳುತ್ತಾರೆ. ಗೆದ್ದವರು ಯಾರೆಂದು ಅವರಿಗೆ ತಿಳಿಯುತ್ತದೆ; ಹೇಗೆ ಗೆದ್ದರೆಂದು ತಿಳಿಯುವುದಿಲ್ಲ.

ಗಮನಿಸಬೇಕಾದ್ದು 400 ಮೀಟರಿನ ಒಂದೊಂದು ಸುತ್ತಿಗೆ ತಗಲುವ ಸೆಕೆಂಡು. ಯಕ್ಷಗಾನದ ಆಟ ನೋಡಿ ಬೆಳೆದ ಕಾಸರಗೋಡಿನವರಿಗೆ ಭಾಗವತರು ಕಾಲ ಏರಿಸಿದ್ದು ತಟ್ಟನೆ ಗೊತ್ತಾಗುತ್ತದಲ್ಲ, ಆ ಕಿವಿ ಇಲ್ಲಿ ಕಣ್ಣಿಗೆ ಬರಬೇಕು. ಭಾರತದ ಗುಲ್ವೀರ್ ಸಿಂಗ್ 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 27 ನಿಮಿಷ 00.22 ಸೆಕೆಂಡಿನ ರಾಷ್ಟ್ರೀಯ ದಾಖಲೆ ಬರೆದಾಗ ಸುತ್ತಿಗೆ ಸರಾಸರಿ 65 ಸೆಕೆಂಡೂ ಹಿಡಿದಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನ ಚಿನ್ನ ಫ್ರಾನ್ಸಿನ ಜಿಮ್ಮಿ ಗ್ರೆಸಿಯೆಗೆ ಸಿಕ್ಕಿದ್ದು 28 ನಿಮಿಷ 55.77 ಸೆಕೆಂಡಿಗೆ. ಗುಲ್ವೀರ್ ದಾಖಲೆಗಿಂತ ಸುಮಾರು ಎರಡು ನಿಮಿಷ ನಿಧಾನ! ಆದರೂ ಆ ಓಟದಲ್ಲಿ ಗುಲ್ವೀರ್ 16ನೆಯವರು. ಅಷ್ಟು ನಿಧಾನಕ್ಕೆ ಕಾರಣವಿದೆ: ಚಾಂಪಿಯನ್‌ಷಿಪ್‌ಗಳಲ್ಲಿ ವೇಗ ಕಾಯ್ದುಕೊಡುವ ಬಾಡಿಗೆ ಓಟಗಾರರಿರುವುದಿಲ್ಲ. ಮುಂದೆ ಹೋದವನು ಗಾಳಿ ಸೀಳಬೇಕು, ಹಿಂದಿನವರು ಅವನ ಮರೆಯಲ್ಲಿ ಬಲ ಉಳಿಸಿಕೊಳ್ಳುತ್ತಾರೆ. ಟೋಕಿಯೊದ ಸೆಕೆಯಲ್ಲಿ ಆ ಹೊರೆ ಯಾರಿಗೂ ಬೇಡವಾಗಿತ್ತು. ಎಲ್ಲವೂ ಕೊನೆಯ ಸುತ್ತಿನ ಬಿರುಸಿನಲ್ಲೇ ತೀರ್ಮಾನವಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದವರು ಆ ಹೊರೆಯನ್ನು ಸರದಿಯಲ್ಲಿ ಹೊತ್ತರು. 13 ಮಂದಿ 27 ನಿಮಿಷದೊಳಗೆ ಮುಗಿಸಿದರು. ಚಿನ್ನ ಮಾತ್ರ ಉಗಾಂಡದ ಜೋಶುವಾ ಚೆಪ್ಟೆಗಿ ಪಾಲಾಯಿತು, 26 ನಿಮಿಷ 43.14 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ. ನನ್ನ ಮಟ್ಟಿಗೆ ಇವೆರಡೂ ಸಮಾನ ಸೊಗಸಿನ ಓಟಗಳು. ನಿಧಾನದ ಓಟವನ್ನು ಸಪ್ಪೆ ಎನ್ನುವವರು ಗಡಿಯಾರವನ್ನಷ್ಟೇ ನೋಡಿರುತ್ತಾರೆ.

ತಿರುವಿನಲ್ಲಿ ಯಾರು ಎಲ್ಲಿದ್ದಾರೆಂದೂ ನೋಡಿ. ಇಡೀ ಸುತ್ತು ಎರಡನೇ ಲೇನಿನಲ್ಲಿ ಓಡಿದವನು ಏಳು ಮೀಟರಿಗೂ ಹೆಚ್ಚು ಸುಮ್ಮನೆ ಓಡಿದಂತೆ. ಅದಕ್ಕೇ ಎಲ್ಲರೂ ಒಳ ಅಂಚಿಗೆ ಒತ್ತುತ್ತಾರೆ. ಅಲ್ಲಿ ಅಪಾಯವೂ ಇದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ತಮಿಳುನಾಡಿನ ಜಿ. ಲಕ್ಷ್ಮಣನ್ ಮೂರನೆಯವರಾಗಿ ಗುರಿ ಮುಟ್ಟಿದ್ದರು. ಒಳ ಅಂಚು ದಾಟಿ ಹೆಜ್ಜೆಯಿಟ್ಟರೆಂದು ಅನರ್ಹರಾದರು, ಕಂಚು ಚೀನಾದವರಿಗೆ ಹೋಯಿತು. 25 ಸುತ್ತಿನ ಬೆವರು ಒಂದು ಹೆಜ್ಜೆಗೆ ಹೋದದ್ದು ಇಂದಿಗೂ ಸಂಕಟ ತರುತ್ತದೆ.

ಕಣ್ಣು ಪಳಗಲು ದೂರ ಹೋಗಬೇಕಿಲ್ಲ. ನೀಲೇಶ್ವರದ ಇ.ಎಂ.ಎಸ್. ಕ್ರೀಡಾಂಗಣದಲ್ಲೋ ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೋ ಶಾಲಾ ಮಕ್ಕಳ 3000 ಮೀಟರ್ ಓಟವಿದ್ದರೆ ಹೋಗಿ. ಅದು ಏಳೂವರೆ ಸುತ್ತು. ಪ್ರತಿ ಸುತ್ತಿನ ಸೆಕೆಂಡನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಕೊನೆಗೆ ಬಂದ ಹುಡುಗನಿಗೂ ಚಪ್ಪಾಳೆ ತಟ್ಟಿ ಬನ್ನಿ.