ಗೋಡೆಯ ಮೇಲಿನ ಚಿತ್ರ, ಬಾಗಿಲ ಬಳಿಯ ಜನ



ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡದ ಮಗ್ಗುಲಲ್ಲಿ ವೆಂಕಟಪ್ಪ ಕಲಾ ಗ್ಯಾಲರಿ ಇದೆ. ನಿಮ್ಮಲ್ಲಿ ಅನೇಕರು ಕಬ್ಬನ್ ಪಾರ್ಕಿಗೆ ಹೋಗುವಾಗ ಅದರ ಮುಂದೆ ಹಾದುಹೋಗಿರಬಹುದು. ಒಳಗೆ ಕಾಲಿಟ್ಟವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ನಿಮಗೆ ಕೇಳುವ ಮುನ್ನ ನನಗೇ ಕೇಳಿಕೊಂಡಿದ್ದೇನೆ. ಬಹುಕಾಲ ನಾನೂ ಆ ದಾರಿಹೋಕರಲ್ಲಿ ಒಬ್ಬನಾಗಿದ್ದೆ.

ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು, 1965ರಲ್ಲಿ ತೀರಿಕೊಂಡರು. ವಿವಾಹವಾಗದೆ, ಕುಂಚ ಮತ್ತು ವೀಣೆಗಳನ್ನೇ ಸಂಗಾತಿಗಳನ್ನಾಗಿ ಮಾಡಿಕೊಂಡು ವಿರಕ್ತರಂತೆ ಬದುಕಿದವರು ಅವರು. 1920ರ ದಶಕದಲ್ಲಿ ಅವರು ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಚಿತ್ರಗಳಲ್ಲಿ ಮನುಷ್ಯರಿಗಿಂತ ಮಂಜಿಗೇ ಹೆಚ್ಚು ಜಾಗ. ಅವುಗಳ ಅಚ್ಚುಕಟ್ಟುತನ ಕೆಲವೊಮ್ಮೆ ಉಸಿರು ಬಿಗಿಹಿಡಿದಂತೆ ತೋರುತ್ತದೆ. ಕೈ ಸ್ವಲ್ಪ ಸಡಿಲವಾಗಿದ್ದರೆ ಚೆನ್ನಿತ್ತೇನೋ ಎನಿಸುವುದೂ ಉಂಟು. ಆದರೂ ತುಸು ಹೊತ್ತು ನಿಂತು ನೋಡಿದರೆ, ಬೆಟ್ಟದ ಅಂಚು ಮಂಜಿನಲ್ಲಿ ಕರಗುವ ಆ ಸೂಕ್ಷ್ಮತೆ ಮನಸ್ಸನ್ನು ಮೌನಗೊಳಿಸುತ್ತದೆ. ಕೈಯೊಳಗಿನ ಮೊಬೈಲ್ ಪರದೆಯಲ್ಲಿ ಅದೇ ಚಿತ್ರವನ್ನು ನೋಡಿ: ಬಣ್ಣ ಕಾಣುತ್ತದೆ, ಕಾಗದದ ಉಸಿರು ಕಾಣುವುದಿಲ್ಲ.

ಹೀಗೆ ಏಕಾಂತದಲ್ಲಿ ಬಾಳಿದವರ ಹೆಸರಿನ ಮನೆ ಕಾಲಕ್ರಮೇಣ ಒಂದು ಸಮುದಾಯದ ಮನೆಯಾದದ್ದು ವಿಚಿತ್ರವಾದರೂ ನಿಜ. ಅಲ್ಲಿ ವೆಂಕಟಪ್ಪನವರ ಕೃತಿಗಳೊಂದಿಗೆ ಉಡುಪಿ ಸೀಮೆಯ ಕೆ.ಕೆ. ಹೆಬ್ಬಾರರ ಚಿತ್ರಗಳಿಗೂ ಸ್ಥಾನ ದೊರೆಯಿತು. ಅಷ್ಟೇ ಮುಖ್ಯವಾದದ್ದು, ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಅಲ್ಲಿನ ಪ್ರದರ್ಶನ ಸಭಾಂಗಣಗಳು. ಊರುಗಳಿಂದ ಬಂದ, ಪರಿಚಯವಾಗಲಿ ಹಣವಾಗಲಿ ಇಲ್ಲದ ಎಳೆಯ ಕಲಾವಿದರು ತಮ್ಮ ಚಿತ್ರಗಳನ್ನು ಅಲ್ಲಿ ತೂಗುಹಾಕಬಹುದಾಗಿತ್ತು. ದೊಡ್ಡ ಹೆಸರಿನ ಖಾಸಗಿ ಗ್ಯಾಲರಿಗಳ ಬಾಗಿಲು ಅಂಥವರಿಗೆ ಸುಲಭವಾಗಿ ತೆರೆಯುವುದಿಲ್ಲ.

2015ರಲ್ಲಿ ಸರ್ಕಾರವು ಪ್ರವಾಸೋದ್ಯಮ ನೀತಿಯಡಿ ಈ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಎಚ್ಚೆತ್ತರು. ವೆಂಕಟಪ್ಪ ಆರ್ಟ್ ಗ್ಯಾಲರಿ ಫೋರಂ ಎಂಬ ಹೆಸರಿನಲ್ಲಿ ಒಂದಾದರು. ಸುದ್ದಿ ಜಾಲತಾಣಗಳಲ್ಲಿ ಹರಡಿತು. ಜನ ಗ್ಯಾಲರಿಯ ಅಂಗಳದಲ್ಲಿ ಸೇರಿದರು. ಹಾಡು, ಚಿತ್ರ, ಮಾತುಕತೆಗಳೇ ಪ್ರತಿಭಟನೆಯ ಭಾಷೆಯಾದವು. ಕೊನೆಗೆ ಆ ಒಪ್ಪಂದ ಕೈಗೂಡಲಿಲ್ಲ.

ಇಲ್ಲಿ ನ್ಯಾಯವಾಗಿ ಎರಡು ಮಾತು ಹೇಳಬೇಕು. ಸೊರಗಿದ ಕಟ್ಟಡಕ್ಕೆ ಹಣವನ್ನೂ ಪರಿಣತಿಯನ್ನೂ ತರುತ್ತೇವೆಂದವರನ್ನು ಕೇಡಿಗರೆಂದು ಕಾಣಬೇಕಾಗಿಲ್ಲ. ಅದೇ ಬಳಗದ ಪ್ರಯತ್ನದಿಂದ ರೂಪುಗೊಂಡ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ 2020ರ ಡಿಸೆಂಬರಿನಲ್ಲಿ, ಕೋವಿಡ್ ಕಾಲದಲ್ಲಿ, ಮೊದಲು ಅಂತರ್ಜಾಲದಲ್ಲಿ ತೆರೆಯಿತು. 2023ರ ಫೆಬ್ರವರಿಯಲ್ಲಿ ಅದೇ ಕಸ್ತೂರ್ಬಾ ರಸ್ತೆಯ ತನ್ನ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಅದು ನಗರಕ್ಕೆ ಲಾಭವೇ. ಆದರೆ ಕಲಾವಿದರ ಆತಂಕವೂ ಹುಸಿಯಲ್ಲ. ಮನೆ ಚೆಂದವಾಗಬಹುದು, ಆದರೆ ಒಳಗೆ ಯಾರು ಬರಬೇಕೆಂದು ನಿರ್ಧರಿಸುವವರು ಯಾರು? ಸಾರ್ವಜನಿಕ ಸಂಸ್ಥೆಯ ಹೊಸ್ತಿಲು ಬಡವನ ಕಾಲಿಗೂ ಎಟುಕುವಂತಿರಬೇಕು ಎಂಬುದೇ ಅವರ ವಾದದ ತಿರುಳು.

ಪ್ರಿಯರೇ, ಜಾಲತಾಣವನ್ನು ನಾನು ಹಳಿಯುವುದಿಲ್ಲ. ಅದು ಊರಿನ ಡಂಗುರದಂತೆ, ದೂರದವರನ್ನೂ ಕರೆಯುತ್ತದೆ. ಆದರೆ ಡಂಗುರ ಸಾರಿದ ಮಾತ್ರಕ್ಕೆ ಜಾತ್ರೆಯಾಗದು. ಸರ್ಕಾರದ ಮುಂದೆ ತೂಕ ಬಂದದ್ದು ಮೆಚ್ಚುಗೆಯ ಗುರುತುಗಳಿಂದಲ್ಲ, ಅಂಗಳದಲ್ಲಿ ನಿಂತ ಮನುಷ್ಯರಿಂದ.

ನನ್ನ ನಿಜವಾದ ಟೀಕೆ ಇರುವುದು ಬೇರೆಡೆ. ಆಪತ್ತು ಬಂದಾಗ ಸೇರಿದ ಸಮುದಾಯ ಆಪತ್ತು ಕಳೆದ ಮೇಲೆ ಎಲ್ಲಿ ಹೋಗುತ್ತದೆ? ಪಾಸ್ಕ ಹಬ್ಬದಂದು ದೇವಾಲಯದ ಹೊರಗೂ ನಿಲ್ಲುವಷ್ಟು ಜನ. ವಾರದ ನಡುವಿನ ಪೂಜೆಗೆ ಬೆರಳೆಣಿಕೆಯ ಮಂದಿ. ಗುರುವಾಗಿ ಈ ವ್ಯತ್ಯಾಸದ ನೋವನ್ನು ಬಲ್ಲೆ. ಗ್ಯಾಲರಿಯ ಪಾಡೂ ಇದೇ. ಅದನ್ನು ಉಳಿಸಲು ಘೋಷಣೆ ಕೂಗಿದವರೂ, ಅದು ಉಳಿಯಿತೆಂದು ಸಂತೋಷಪಟ್ಟ ನಾವೂ, ಒಬ್ಬ ಅಪರಿಚಿತ ಯುವ ಕಲಾವಿದನ ಚಿತ್ರದ ಮುಂದೆ ಸಾಮಾನ್ಯ ಮಂಗಳವಾರ ಮಧ್ಯಾಹ್ನ ಹತ್ತು ನಿಮಿಷ ನಿಲ್ಲುತ್ತೇವೆಯೇ? ನಿಲ್ಲದಿದ್ದರೆ ನಾವು ಉಳಿಸಿಕೊಂಡದ್ದು ಕಟ್ಟಡವನ್ನಷ್ಟೆ. ನೋಡುವವರಿಲ್ಲದ ಸಭಾಂಗಣ ಬಾಡಿಗೆ ಕಡಿಮೆಯಾದರೂ ಖಾಲಿಯೇ. ಖಾಲಿ ಮನೆಯನ್ನು ಕೇಳಲು ಮತ್ತೊಬ್ಬರು ಬಂದೇ ಬರುತ್ತಾರೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಸಣ್ಣ ವಿನಂತಿ. ಯಾವುದೇ ಊರಿನಲ್ಲಿರಿ, ಹತ್ತಿರದ ಕಲಾ ಪ್ರದರ್ಶನವೊಂದು ತೆರೆದಿರುವ ದಿನವನ್ನು ವಿಚಾರಿಸಿಕೊಂಡು ಮಕ್ಕಳ ಕೈಹಿಡಿದು ಹೋಗಿ. ಚಿತ್ರ ಅರ್ಥವಾಗಲಿಲ್ಲವೆಂದು ಸಂಕೋಚಪಡಬೇಡಿ. ಅಲ್ಲಿ ಕುಳಿತಿರುವ ಕಲಾವಿದರನ್ನೇ ಕೇಳಿ. ಮನೆಗೆ ಬಂದ ಮೇಲೆ ನಾಲ್ವರಿಗೆ ಸುದ್ದಿ ಕಳುಹಿಸಿ, ಅದಕ್ಕಾಗಿ ಮೊಬೈಲ್ ಧಾರಾಳವಾಗಿ ಬಳಸಿ. ಮುಂದಿನ ಸಲ ಆ ನಾಲ್ವರಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆದೊಯ್ಯಿರಿ. ಸಮುದಾಯ ಬೆಳೆಯುವುದು ಹೀಗೆ, ಒಬ್ಬೊಬ್ಬರಾಗಿ ಹೊಸ್ತಿಲು ದಾಟಿದಾಗ.